ಗಲಾಟೆ ನುಂಗುವ ಯಂತ್ರ

ಕೆಲವು ಚಟಗಳನ್ನು ಹೇಳಿಕೊಳ್ಳುವುದಕ್ಕೂ ಒಂದು ಗತ್ತು ಇರುತ್ತದೆ. ಸಿಗರೇಟು ಸೇದುತ್ತೇನೆ ಎಂದರೆ ಜನ ಬುದ್ಧಿ ಹೇಳುತ್ತಾರೆ, ಇಸ್ಪೀಟಾಡುತ್ತೇನೆ ಎಂದರೆ ಎಲ್ಲಿ ಎಂದು ಮೆಲ್ಲಗೆ ಕೇಳುತ್ತಾರೆ. ಆದರೆ ತಲೆ ನರೆತ, ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್ ಎನಿಸಿಕೊಂಡ ನನ್ನಂಥವನು ಭಾನುವಾರ ಮಧ್ಯಾಹ್ನ ಟಿವಿ ಮುಂದೆ ಚಕ್ಕಂಬಕ್ಕಲ ಹಾಕಿ ವಿಡಿಯೋ ಗೇಮ್ ಆಡುತ್ತೇನೆ ಎಂದರೆ ಯಾರೂ ಏನೂ ಹೇಳುವುದಿಲ್ಲ, ಸುಮ್ಮನೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳೂ ಅವರನ್ನು ನೋಡಿ ತಲೆ ಆಡಿಸುತ್ತಾಳೆ. ಹೀಗಾಗಿ ಆಫೀಸಿನಲ್ಲಿ ಈ ವಿಷಯದ ಬಗ್ಗೆ ಬಾಯಿ ಬಿಟ್ಟಿಲ್ಲ. ಭಾನುವಾರ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ವಿಶ್ರಾಂತಿ ಎನ್ನುತ್ತೇನೆ.

ಗೇಮ್ ಆಡುವ ಯಂತ್ರ ಮೊದಲು ನನ್ನ ಮಗಳು ಅನಘಾಳದು. ಅವಳಿಗೆ ಅದು ಬೇಗ ಬೇಸರವಾಯಿತು, ನನಗೆ ಆಗಲಿಲ್ಲ. ಜೊತೆಗೆ ಸುಧಾಕರ ಸಿಕ್ಕಿದ. ಅವನು ಕುಂದಾಪುರದ ಕಡೆಯವನು. ರಾಜಧಾನಿಯ ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿಗೆ ಹತ್ತಿರದಲ್ಲೇ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಹೋಟೆಲಿನವರಿಗೆ ಒಂದಿಷ್ಟು ಬಿಡುವು ಸಿಗುತ್ತದಲ್ಲ, ಆ ಹೊತ್ತಿಗೆ ಇಂಗಿನ ವಾಸನೆ ಹೊತ್ತು ಬಂದು ನಮ್ಮ ಸೋಫಾದಲ್ಲಿ ಕೂರುತ್ತಿದ್ದ. ಇಬ್ಬರೂ ಕ್ರಿಕೆಟ್ ಆಡುತ್ತಿದ್ದೆವು. ನಿಜವಾದ ಕ್ರಿಕೆಟ್ಟಿನಲ್ಲಿ ನಾವಿಬ್ಬರೂ ಯಾವ ತಂಡಕ್ಕೂ ಬೇಕಾದವರಾಗಿರಲಿಲ್ಲ. ಆಮೇಲೆ ಬಾಡಿಗೆ ಏರಿತೆಂದು ಅವನು ತಾಯಿ, ಹೆಂಡತಿ, ದೋಸೆ ಕಾವಲಿ ಸಮೇತ ಪಕ್ಕದ ಊರಾದ ಘಾಜಿಯಾಬಾದಿಗೆ ಹೋದ. ಅಲ್ಲಿ ಇನ್ನೂ ದೊಡ್ಡ ಹೋಟೆಲು ಮಾಡಿ, ಹಿಂದಿನ ಕೋಣೆಯಲ್ಲಿ ನನ್ನದರಂಥದೇ ಒಂದು ಯಂತ್ರ ಇಟ್ಟುಕೊಂಡ. ಅಂದಿನಿಂದ ನಮ್ಮ ಆಟ ಆನ್‌ಲೈನಿನಲ್ಲಿ.

ಹಳೆಯ ಯಂತ್ರದಲ್ಲಿ ಇಬ್ಬರು ಒಂದೇ ಆಟಕ್ಕೆ ಸೇರುವುದೆಂದರೆ ನಮ್ಮ ಆಫೀಸಿನ ಫೈಲು ಮೇಲಕ್ಕೆ ಹೋದ ಹಾಗೆ. ಫೋನು ಕಿವಿಗೆ ಹಿಡಿದು "ಬಂತೇನೋ?" ಎಂದರೆ "ಇಲ್ಲ ಮಾರಾಯ, ಸುತ್ತುತ್ತಾ ಉಂಟು" ಎನ್ನುತ್ತಿದ್ದ. ಅದು ಸುತ್ತುವಷ್ಟು ಹೊತ್ತು ಮಾತಿಗೆ ಏನಾದರೂ ಬೇಕಲ್ಲ. ಅವನ ತಾಯಿಯ ಮಂಡಿನೋವು, ನನ್ನ ಬಾರದ ಬಡ್ತಿ, ಊರಿಂದ ಬರುವಾಗ ರೈಲಿನಲ್ಲಿ ಸೋರಿದ ಮಿಡಿ ಉಪ್ಪಿನಕಾಯಿ, ಎಲ್ಲ ಆಗಲೇ ಮುಗಿಯುತ್ತಿತ್ತು. ಆಟ ಶುರುವಾದ ಮೇಲೆ ಅವನ ಅಗ್ಗದ ಮೈಕು ಇಡೀ ಹೋಟೆಲನ್ನು ತಂದು ನನ್ನ ಕಿವಿಗೆ ಸುರಿಯುತ್ತಿತ್ತು. ಸಂಜೆಗೆ ಹಿಟ್ಟು ರುಬ್ಬುವ ಗ್ರೈಂಡರಿನ ಗುರುಗುರು, ತಟ್ಟೆ ತೊಳೆಯುವ ಸದ್ದು, ಹೊತ್ತು ತಪ್ಪಿ ಬಂದ ಗಿರಾಕಿಗಾಗಿ "ದೋ ಮಸಾಲಾ, ಏಕ್ ರವಾ" ಎಂಬ ಕೂಗು. ನಾನು ಬ್ಯಾಟು ಬೀಸುವ ಕ್ಷಣಕ್ಕೆ ಸರಿಯಾಗಿ ಅಲ್ಲೊಂದು ಪಾತ್ರೆ ಬೀಳುತ್ತಿತ್ತು. "ಪಾತ್ರೆ ಬಿತ್ತು ಕಣೋ, ಇದು ಲೆಕ್ಕಕ್ಕಿಲ್ಲ" ಎಂದು ನಾನು ಜಗಳ ತೆಗೆಯುತ್ತಿದ್ದೆ. ಅವನು ನಕ್ಕು ಇನ್ನೊಂದು ಬಾಲ್ ಹಾಕುತ್ತಿದ್ದ. ನನ್ನ ಹೆಂಡತಿಯ ಪ್ರಕಾರ ನಾನು ಔಟಾದಾಗಲೆಲ್ಲ ಘಾಜಿಯಾಬಾದಿನಲ್ಲಿ ಒಂದು ಪಾತ್ರೆ ಬೀಳುತ್ತಿತ್ತು.

ಹೀಗಿರುವಾಗ ಆ ಆಟವನ್ನು ಆನ್‌ಲೈನಿನಲ್ಲಿ ಆಡುವ ಸೌಲಭ್ಯವನ್ನೇ ಕಂಪನಿಯವರು ನಿಲ್ಲಿಸಿಬಿಟ್ಟರು. ಹೊಸ ಆಟ ಬೇಕು, ಹೊಸ ಆಟಕ್ಕೆ ಹೊಸ ಯಂತ್ರ ಬೇಕು. "ಅಪ್ಪಾ, ಪುರಾನಾ ವಾಲಾ ಈಗ ಯೂಸ್‌ಲೆಸ್" ಎಂದು ಅನಘಾ ತನ್ನ ಕನ್ನಡದಲ್ಲಿ ತೀರ್ಪು ಕೊಟ್ಟಳು. ನಾನು ಮನೆಯಲ್ಲಿ ಒಂದಿಷ್ಟು ಮಾತು ಕೇಳಿಸಿಕೊಂಡು ತಂದೆ. ಸುಧಾಕರನಿಗೆ ದುಬೈಯಿಂದ ಅವನ ಭಾವ ತಂದುಕೊಟ್ಟ. ಅದು ಚಳಿಗಾಲ. ಹೊಸ ಯಂತ್ರವನ್ನು ದೂರುವ ಹಾಗೇ ಇಲ್ಲ. ಗುಂಡಿ ಒತ್ತಿದರೆ ಇಬ್ಬರೂ ನೇರ ಪಿಚ್ಚಿನ ಮೇಲೆ. ಸುತ್ತುವುದಿಲ್ಲ, ಕಾಯಿಸುವುದಿಲ್ಲ, ಆದ್ದರಿಂದ ಮಂಡಿನೋವಿನ ವಿಷಯ ಬರುವುದೂ ಇಲ್ಲ. ಮೈಕು ಅದರ ಒಳಗೇ ಇದೆ, ಮನುಷ್ಯನ ಮಾತನ್ನು ಮಾತ್ರ ಬಿಟ್ಟು ಉಳಿದ ಗಲಾಟೆಯನ್ನೆಲ್ಲ ನುಂಗಿಬಿಡುತ್ತದೆ. ಸುಧಾಕರನ ದನಿ ಮೆಟ್ರೋದಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳಿದಷ್ಟು ಸ್ವಚ್ಛವಾಗಿ ಬರತೊಡಗಿತು. "ಈಗ ಆಡುವುದಕ್ಕೆ ಎಷ್ಟು ಸುಖ ನೋಡು, ನಿನ್ನ ಹೋಟೆಲೇ ಇಲ್ಲದ ಹಾಗಿದೆ" ಎಂದು ಬೇಸಿಗೆಯಲ್ಲಿ ಒಮ್ಮೆ ಹೇಳಿದ್ದೆ. "ಹೌದು" ಎಂದ. ನಾನು ಸೋಲುವುದು ಮಾತ್ರ ನಿಲ್ಲಲಿಲ್ಲ. ಹೊಸ ಯಂತ್ರಕ್ಕೆ ಕೈ ಒಗ್ಗಿಲ್ಲ ಎಂದು ಬೇರೆ ಕಾರಣ ಹುಡುಕಿಕೊಂಡೆ.

ಅದರಲ್ಲಿ ಇನ್ನೊಂದು ಸೌಕರ್ಯವಿದೆ. ನಮ್ಮ ಗೆಳೆಯರು ಯಾವಾಗ ಆಡುತ್ತಿದ್ದಾರೆಂದು ತಾನಾಗಿಯೇ ಬಂದು ಹೇಳುತ್ತದೆ, ಪಕ್ಕದ ಮನೆಯವರ ಸುದ್ದಿ ತರುವ ಹೆಂಗಸಿನ ಹಾಗೆ. ಸುಧಾಕರ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಒಬ್ಬನೇ ಆಡುತ್ತಿದ್ದಾನೆ ಎಂದು ತೋರಿಸತೊಡಗಿತು. ಒಂದು ಗಂಟೆ ಎಂದರೆ ಹೋಟೆಲಿನಲ್ಲಿ ಮೇಜು ಸಿಗದ ಹೊತ್ತು. ನನಗೆ ಹೊಟ್ಟೆಕಿಚ್ಚಾಯಿತು. ಕೆಲಸದವರ ಕೈಗೆ ಬಿಟ್ಟು ಆಡುವಷ್ಟು ದೊಡ್ಡ ಮನುಷ್ಯನಾಗಿದ್ದಾನೆ, ನಾನಿನ್ನೂ ಸಹಿ ಹಾಕುತ್ತಾ ಕೂತಿದ್ದೇನೆ ಎನಿಸಿತು. "ಪುಣ್ಯವಂತ ಕಣೋ ನೀನು" ಎಂದು ಅವನಿಗೆ ಹೇಳಿಯೂ ಬಿಟ್ಟೆ. "ಚಲೋ ಚಲೋ, ಬ್ಯಾಟು ಹಿಡಿ" ಎಂದ.

ದೀಪಾವಳಿ ಕಳೆದ ಮೇಲೆ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆಂದು ಘಾಜಿಯಾಬಾದಿಗೆ ಹೋಗಿದ್ದೆ. ಅಲ್ಲಿ ಪೂರಿ ತಿಂದು ನಾಲಿಗೆ ಕೆಟ್ಟಿತ್ತು. ಸುಧಾಕರನ ಮುಂದೆ ದಿಢೀರನೆ ನಿಂತು ಒಂದು ಫಿಲ್ಟರ್ ಕಾಫಿ ಕೇಳೋಣ ಎಂದು ರಿಕ್ಷಾ ಹಿಡಿದೆ. ಹೋಟೆಲು ಇದ್ದ ಜಾಗದಲ್ಲಿ ಕನ್ನಡಕದ ಅಂಗಡಿ ಇತ್ತು. ಬಾಗಿಲಲ್ಲಿ ಕಣ್ಣು ಕಿರಿದು ಮಾಡಿ ನಿಂತ ನನ್ನನ್ನು ನೋಡಿ ಅಂಗಡಿಯಾತ, "ಆಯಿಯೇ ಅಂಕಲ್, ಕಣ್ಣು ಪರೀಕ್ಷೆ ಫ್ರೀ" ಎಂದು ಹಿಂದಿಯಲ್ಲಿ ಕರೆದ. ದೋಸೆಯವರು ಎಲ್ಲಿ ಎಂದು ಕೇಳಿದೆ. ಹೋಳಿ ಹಬ್ಬಕ್ಕೆ ಮುಂಚೆಯೇ ಮುಚ್ಚಿಕೊಂಡು ಹೋದರಲ್ಲ, ವ್ಯಾಪಾರ ಇರಲಿಲ್ಲ ಪಾಪ, ಎಂದ. ಬೇಸಿಗೆ, ಮಳೆ, ದಸರಾ, ಅಷ್ಟೂ ಭಾನುವಾರಗಳಲ್ಲಿ ನಾನು ಅವನ ಜೊತೆ ಆಡಿದ್ದೆ. ಫೋನು ತೆಗೆದು ಮತ್ತೆ ಜೇಬಿಗೆ ಹಾಕಿಕೊಂಡೆ.

ಮುಂದಿನ ಭಾನುವಾರ ಆಟಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ ಅವನೇ, "ಎಂತ ಮಾರಾಯ, ಇವತ್ತು ಮಾತೇ ಇಲ್ಲ?" ಎಂದ.

"ಸುಧಾ, ನಿನ್ನ ಮೈಕಿನಲ್ಲಿ ಆ ಗಲಾಟೆ ತೆಗೆಯೋದು ಇದೆಯಲ್ಲ, ಅದನ್ನ ಆಫ್ ಮಾಡು."

"ಯಾಕೆ?"

"ನಾನು ಹೋದ ವಾರ ಘಾಜಿಯಾಬಾದಿಗೆ ಬಂದಿದ್ದೆ ಕಣೋ."

ಅವನು ಅದನ್ನು ಆಫ್ ಮಾಡಿದ. ಹೊಸದಾಗಿ ಕೇಳಿದ್ದು ಇಷ್ಟು: ಒಂದು ಫ್ಯಾನಿನ ಟಿಕ್ ಟಿಕ್, ಒಳಗೆಲ್ಲೋ ಅವನ ತಾಯಿ ಕೆಮ್ಮಿದ್ದು. ಒಬ್ಬ ಗೆಳೆಯನ ಹೊಟ್ಟೆಪಾಡು ನಿಂತುಹೋಗಿ ಇಷ್ಟು ಕಾಲವಾಗಿದೆ, ನಾನು ಸದ್ದಿಲ್ಲವೆಂದು ಸಂತೋಷಪಟ್ಟುಕೊಂಡು ಕೂತಿದ್ದೆ.

"ಯಾಕೋ ಹೇಳಲಿಲ್ಲ ನನಗೆ?" ಎಂದೆ.

"ನೀನು ಕೇಳಲಿಲ್ಲ ಅಂತ ಅಲ್ಲ ಮಾರಾಯ," ಎಂದ. "ಸಿಕ್ಕಿದವರೆಲ್ಲ ಅದನ್ನೇ ಕೇಳ್ತಾರೆ. ಮುಂದೆ ಎಂತ ಮಾಡ್ತಿ, ಊರಿಗೆ ಹೋಗ್ತಿಯಾ ಅಂತ. ನೀನೊಬ್ಬ ಮಾತ್ರ, ಪುಣ್ಯವಂತ ಕಣೋ ಅಂತಿದ್ದೆ. ನಿನ್ನ ಜೊತೆ ಆಡುವಾಗ ಮಾತ್ರ ನನ್ನ ಹೋಟೆಲು ಇನ್ನೂ ನಡೀತಾ ಇತ್ತು."

ಮುಚ್ಚಿಹೋಗಿದ್ದ ಹೋಟೆಲನ್ನು ನಾನು ಈಗ ಎರಡನೆಯ ಸಲ ಮುಚ್ಚಿಸಿದ್ದೆ. ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಬಾಲ್ ಹಾಕಿದ, ನಾನು ಔಟಾದೆ. ಫ್ಯಾನು ಟಿಕ್ ಟಿಕ್ ಎನ್ನುತ್ತಿತ್ತು.

"ಹೇಳು ಮಾರಾಯ," ಎಂದ ಸುಧಾಕರ. "ಪಾತ್ರೆ ಬಿತ್ತು ಅಂತ ಹೇಳು."

"ಬಿತ್ತು ಕಣೋ," ಎಂದೆ.

"ಹಾಗಾದರೆ ಲೆಕ್ಕಕ್ಕಿಲ್ಲ" ಎಂದು ಅವನು ಇನ್ನೊಂದು ಬಾಲ್ ಹಾಕಿದ. ಅದಕ್ಕೂ ಔಟಾದೆ.