ಸಿದ್ದಲಿಂಗನ ಪಗಾರ ಸರ್ವೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ಸೇಠರು ಸಿದ್ದಲಿಂಗನ ಕೈಗೆ ಇಪ್ಪತ್ತು ಫಾರ್ಮುಗಳನ್ನು ಕೊಟ್ಟರು. ಕೊಡದೇ ಇದ್ದಿದ್ದರೆ ಮಿಲ್ಲಿನ ಕ್ವಾರ್ಟರ್ಸಿನ ಇಪ್ಪತ್ತು ಮನೆಗಳಲ್ಲಿ ಆ ದಿನ ಮಧ್ಯಾಹ್ನದ ಊಟವಾದರೂ ನೆಟ್ಟಗೆ ಆಗುತ್ತಿತ್ತು.

ಗೊಬ್ಬೂರ ದಾಟಿ ನಾಲ್ಕು ಕಿಲೋಮೀಟರು ಹೋದರೆ ಸಿಗುವ ಸಣ್ಣ ಪೇಪರ್ ಮಿಲ್ಲು ಅದು. ಕಬ್ಬಿನ ಸಿಪ್ಪೆ ಲಾರಿಗಟ್ಟಲೆ ಬಂದು ಬೀಳುತ್ತದೆ, ಬೇಯುತ್ತದೆ, ಗಂಜಿಯಾಗುತ್ತದೆ, ಒಣಗಿ ಖಾಕಿ ಬಣ್ಣದ ಕಾಗದವಾಗಿ ಸೊಲ್ಲಾಪುರದ ರಟ್ಟಿನ ಡಬ್ಬಿಯವರಿಗೆ ಹೋಗುತ್ತದೆ. ಸಿದ್ದಲಿಂಗ ಅಲ್ಲಿ ಟೈಮ್ ಆಫೀಸಿನ ಗುಮಾಸ್ತ. ಎಲ್ಲರ ಹಾಜರಿ ಹಾಕುವವನೂ ಅವನೇ, ಪ್ರತಿ ತಿಂಗಳ ಏಳನೇ ತಾರೀಖು ಎಲ್ಲರ ಪಗಾರ ಬ್ಯಾಂಕಿಗೆ ಕಳಿಸುವವನೂ ಅವನೇ.

"ಪೇಪರ್ ಮಿಲ್ಲಿನ ಸಂಘದೋರು ಪಗಾರದ ಟ್ರೆಂಡ್ ಕೇಳ್ಯಾರ," ಎಂದರು ಸೇಠರು. "ಎಲ್ಲಾ ಕಡಿ ಏರಾಕತ್ತದಂತ. ಕೆಮಿಸ್ಟಂದೂ ಏರ್ಯಾದ, ಬಾಯ್ಲರ್‌ನವಂದೂ ಏರ್ಯಾದ. ನಮ್ಮ ಮಂದಿಗೆ ಮನಿ ನಡಿವಲ್ತು ಅಂದ್ರ ನಾನೂ ಮೂರು ಸಾವಿರ ಏರಸ್ತೇನಿ. ನಾಲ್ಕಕ್ಕ ಫಾರ್ಮ್ ನನ್ನ ಟೇಬಲ್ ಮ್ಯಾಲ ಇರಬೇಕು. ಐದಕ್ಕ ನಾ ಸೊಲ್ಲಾಪುರಕ್ಕ ಹೊಂಟೆ ಅಂದ್ರ ಮುಂದಿಂದು ಮುಂದಿನ ವರ್ಷ."

"ರಜಿಸ್ಟರ್ ನನ್ನ ಹತ್ರನ ಅದಲ್ರಿ ಸೇಠಜಿ, ಅರ್ಧಾ ತಾಸಿನಾಗ ಬರದು ಕೊಡ್ತೇನಿ."

"ರಜಿಸ್ಟರ್ ನನ್ನ ಹತ್ರಾನೂ ಅದ. ನೀ ಮನಿಮನಿಗೆ ಹೋಗು. ಅವರು ಬಾಯಿಲೆ ಏನ್ ಹೇಳ್ತಾರ ಅದನ್ನ ಬರಿ, ನಿನ್ನ ತಲಿ ಓಡಸಬ್ಯಾಡ. ಕೆಳಗ ಮನಿಯೋರೊಬ್ರು ಪಗಾರ ಸಾಲ್ತದೋ ಇಲ್ಲೋ ಬರದು ಸಾಕ್ಷಿ ಸಹಿ ಹಾಕಬೇಕು."

ತಲೆ ಓಡಿಸಬೇಡ ಎಂದರೆ ಸಿದ್ದಲಿಂಗನಿಗೆ ಅಷ್ಟೇನೂ ಕಷ್ಟವಿರಲಿಲ್ಲ. ಆದರೆ ಆ ಮೂರು ಸಾವಿರ ಕಿವಿಗೆ ಬಿದ್ದದ್ದೇ ಅವನು ಫಾರ್ಮುಗಳನ್ನು ಎದೆಗೊತ್ತಿಕೊಂಡ. ಅವನದು ಸಾಲಿನ ಕೊನೆಯ ಮನೆ, ಕೊಳೆಯುವ ಸಿಪ್ಪೆಯ ಗುಡ್ಡಕ್ಕೆ ತಾಗಿಕೊಂಡಿರುವುದು. ನೊಣಗಳು ಬೀಗರ ಹಾಗೆ ಊಟದ ಹೊತ್ತಿಗೆ ಸರಿಯಾಗಿ ಬಂದು, ಎದ್ದು ಹೋಗುವ ಮಾತೇ ಆಡುತ್ತಿರಲಿಲ್ಲ. ಹೆಂಡತಿ ಭುವನೇಶ್ವರಿ ಅಫಜಲಪುರದಲ್ಲಿ ಎರಡು ಖೋಲಿಯ ಬಾಡಿಗೆ ಮನೆ ನೋಡಿಟ್ಟಿದ್ದಳು. ಅದಕ್ಕೆ ಬೇಕಾದದ್ದು ಸರಿಯಾಗಿ ಇನ್ನೂ ಮೂರು ಸಾವಿರ. ಮನೆಯ ಮಾಲೀಕರು ಸಂಜೆಯೊಳಗೆ ಮಾತು ಕೊಡಿ ಎಂದಿದ್ದರು.

"ಈ ಸಲ ಏರಿಕಿ ಆಗಲಿಲ್ಲಂದ್ರ ನಾ ಯಡ್ರಾಮಿಗೆ ತವರಮನಿಗೆ ಹೋಗ್ತೇನಿ," ಎಂದು ಅವಳು ಹಿಂದಿನ ದಿನವೇ ಹೇಳಿದ್ದಳು. "ನೀವು ಈ ನೊಣದ ಜೋಡಿ ಸಂಸಾರ ಮಾಡ್ಕೋತ ಇರ್ರಿ."

ಸಿದ್ದಲಿಂಗ ಪೆನ್ನು ಜೇಬಿಗಿಟ್ಟುಕೊಂಡು ಓಡಿದ.

ಮೊದಲ ಮನೆ ಕೆಮಿಸ್ಟ್ ದೌಲತರಾಯನದು. ಬೆಂದ ಗಂಜಿಯನ್ನು ಗಾಜಿನ ನಳಿಗೆಯಲ್ಲಿ ಹಿಡಿದು ನೋಡಿ ಪಾಸು ಫೇಲು ಮಾಡುವ ದೊಡ್ಡ ಮನುಷ್ಯ. ಅವನ ಹೆಂಡತಿ ವಿದ್ಯಾವತಿ ಮಂಡಕ್ಕಿಯ ಸುಸಲಾ ತಂದಿಟ್ಟು, ಹೋಗದೆ ಅಲ್ಲೇ ಬಾಗಿಲಿಗೆ ಒರಗಿ ನಿಂತಳು.

"ದೌಲತಣ್ಣಾ, ಕೈಗೆ ಬರೋ ಪಗಾರ ಎಷ್ಟ್ರಿ?"

ದೌಲತರಾಯ ಹೆಂಡತಿಯನ್ನು ನೋಡಿದ, ಸೂರು ನೋಡಿದ, ಸುಸಲಾ ನೋಡಿದ. "ಇಪ್ಪತ್ತೊಂಬತ್ತು."

ಮೂವತ್ತೆಂಟು ಸಾವಿರವನ್ನು ತನ್ನ ಕೈಯಾರೆ ಕಳಿಸಿದ್ದ ಸಿದ್ದಲಿಂಗ "ಅಲ್ರೀ..." ಎಂದು ಬಾಯಿ ತೆರೆದ. ಟೇಬಲಿನ ಕೆಳಗೆ ಅವನ ಪಾದದ ಮೇಲೆ ದೌಲತರಾಯನ ಹಿಮ್ಮಡಿ ಬಿತ್ತು. ಎಣ್ಣೆಗಾಣಕ್ಕೆ ಸಿಕ್ಕ ಶೇಂಗಾದ ಹಾಗಾಯಿತು ಕಿರುಬೆರಳು. ಸಿದ್ದಲಿಂಗ ತೆರೆದ ಬಾಯಿಗೆ ಸುಸಲಾ ತುರುಕಿಕೊಂಡು ಇಪ್ಪತ್ತೊಂಬತ್ತು ಎಂದು ಬರೆದ.

"ಇದರಾಗ ಮನಿ ನಡೀತದೇನ್ರಿ ವೈನಿ?"

"ಎಲ್ಲಿ ನಡೀತದ? ತೆವಳ್ತದ," ಎಂದ ವಿದ್ಯಾವತಿ 'ಸಾಲುವುದಿಲ್ಲ' ಎಂದು ಬರೆದು ಸಹಿ ಜಡಿದಳು.

ಹೊರಗೆ ಬಂದ ಸಿದ್ದಲಿಂಗನಿಗೆ ಕುಂಟುತ್ತಲೇ ಖುಷಿಯಾಯಿತು. ಪಗಾರ ಕಡಿಮೆ ಕಂಡಷ್ಟೂ ಏರಿಕೆ ಗ್ಯಾರಂಟಿ. ಎಲ್ಲರೂ ಹೀಗೇ ಸುಳ್ಳು ಹೇಳಲಿ ದೇವರೇ!

ದೇವರು ಅರ್ಧ ಮಾತ್ರ ಕೇಳಿಸಿಕೊಂಡ. ಎರಡನೇ ಮನೆ ಕಾಗದದ ಮಷೀನು ನಡೆಸುವ ಲಾಡ್ಲೆಸಾಬನದು. ಅಲ್ಲಿ ಮಿರ್ಚಿ ಭಜಿಯ ಘಮಘಮ. ಯಡ್ರಾಮಿಯಿಂದ ರಾಜೇಸಾಬ ಎಂಬುವರು ತಮ್ಮ ಮಗಳಿಗೆ ಹುಡುಗನನ್ನು ನೋಡಲು ಬಂದು ಕೂತಿದ್ದರು. ಲಾಡ್ಲೆಸಾಬನ ತಾಯಿ ಪ್ಯಾರಿಬಿ ಭಜಿಯ ಮೇಲೆ ಭಜಿ ಬಡಿಸುತ್ತಿದ್ದಳು.

"ಬರ್ರಿ ಬರ್ರಿ ಸಿದ್ದಲಿಂಗಣ್ಣಾ, ಬರ್ಕೋರಿ," ಲಾಡ್ಲೆಸಾಬ ಎದೆ ಉಬ್ಬಿಸಿದ. "ನಲವತ್ತೈದು ಸಾವಿರ."

ಇಪ್ಪತ್ನಾಲ್ಕು ಸಾವಿರದ ಆಸಾಮಿ! ಸಿದ್ದಲಿಂಗ ಕಾಲುಗಳನ್ನು ಮೊದಲೇ ಖುರ್ಚಿಯ ಮೇಲಕ್ಕೆ ಎಳೆದುಕೊಂಡು ಹೇಳಿದ್ದನ್ನೇ ಬರೆದ. ಪ್ಯಾರಿಬಿ ಸಾಕ್ಷಿ ಸಹಿ ಹಾಕಿದಳು. ರಾಜೇಸಾಬರು ಫಾರ್ಮಿನದೊಂದು ಫೋಟೋ ಹೊಡೆದುಕೊಂಡು ಅಲ್ಲಿಂದಲೇ ಮನೆಗೆ ಕಳಿಸಿದರು.

ಬಾಯ್ಲರಿನ ಮಲ್ಕಪ್ಪನ ಮನೆಯಲ್ಲಿ ಜೇವರ್ಗಿಯಿಂದ ಬಂದ ಅವನ ಅಣ್ಣ ಕೂತಿದ್ದ. ಬೈಕು ಕೊಳ್ಳಲು ಕೈಗಡ ಕೇಳಲು ಬಂದವನು. ಇಪ್ಪತ್ತಾರು ಸಾವಿರದ ಮಲ್ಕಪ್ಪ "ಹದಿನಾರು ನೋಡ್ರಿ, ಅದ್ರಾಗೂ ಕಟ್ ಆಗ್ತದ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅಣ್ಣನ ಕರುಳು ಚುರ್ ಎಂದಿತು. "ಇಟ್ಗೋ ತಮ್ಮಾ" ಎಂದು ತಾನೇ ನೂರರ ಒಂದು ನೋಟು ಅವನ ಕೈಗಿಟ್ಟು, ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಸಾಕ್ಷಿಯನ್ನೂ ಹಾಕಿದ. ಪಲ್ಪ್ ಸೆಕ್ಷನ್ನಿನ ಎಂಜಿನಿಯರ್ ಮಹಾನಂದಾ ಮೇಡಂ ಅತ್ತೆ ಸಾಬವ್ವನ ಮುಂದೆ ಹತ್ತು ಸಾವಿರ ಇಳಿಸಿ ಹೇಳಿದರು. ಹೀಗೇ ಮನೆಯಿಂದ ಮನೆಗೆ. ಮಧ್ಯಾಹ್ನ ಒಂದರ ಹೊತ್ತಿಗೆ ಹತ್ತೊಂಬತ್ತು ಫಾರ್ಮು ಭರ್ತಿ. ಒಂದರಲ್ಲೂ ಖರೇ ಅಂಕಿ ಇಲ್ಲ.

ಸಿದ್ದಲಿಂಗ ನಳದ ಹತ್ತಿರ ಮುಖ ತೊಳೆಯಲು ನಿಂತ. ಅವನು ಮಾಡಿದ ತಪ್ಪು ಒಂದೇ, ಪ್ಯಾಡನ್ನು ಕಟ್ಟೆಯ ಮೇಲಿಟ್ಟದ್ದು. ಕಣ್ಣೊಳಗಿನ ಸೋಪು ಹೋಗುವಷ್ಟರಲ್ಲಿ ಪ್ಯಾಡು ವಿದ್ಯಾವತಿಯ ಕೈಯಲ್ಲಿತ್ತು, ಸುತ್ತ ಏಳೆಂಟು ಹೆಂಗಸರ ತಲೆಗಳಿದ್ದವು.

"ಲಾಡ್ಲೆಸಾಬಂದು ನಲವತ್ತೈದು?" ವಿದ್ಯಾವತಿಯ ದನಿ ಮಿಲ್ಲಿನ ಸೈರನ್ನಿಗೆ ಪೈಪೋಟಿ ಕೊಟ್ಟಿತು. "ನಮ್ಮೋರು ಬಿಳಿ ಕೋಟು ಹಾಕ್ಕೊಂಡು ನಿಂದರ್ತಾರ, ಅವರಿಗಿ ಇಪ್ಪತ್ತೊಂಬತ್ತು? ಇದೆಂಥ ನ್ಯಾಯ ಬೇ ಇದು? ಇವತ್ತ ಸೇಠಜಿ ಮುಂದ ನಾನ ಕೇಳ್ತೇನಿ!"

ದೌಲತರಾಯ ಅರ್ಧ ಗಡ್ಡ ಬೋಳಿಸಿಕೊಂಡು, ಉಳಿದರ್ಧ ನೊರೆಯೊಂದಿಗೆ ಓಡಿ ಬಂದ. "ಲೇ ಸಿದ್ದ್ಯಾ, ಹೆಂಗರ ಮಾಡಿ ಆಕಿನ್ನ ತಡೀಲೇ!" ಎಂದು ಪಿಸುಗುಟ್ಟಿದ.

"ನಾ ತಲಿ ಓಡಸಬಾರದು ಅಂತ ಹೇಳ್ಯಾರಣ್ಣಾ," ಎಂದ ಸಿದ್ದಲಿಂಗ.

ಅಷ್ಟರಲ್ಲಿ ವಿದ್ಯಾವತಿ ಹಾಳೆ ಎಣಿಸಿದ್ದಳು. "ಹತ್ತೊಂಬತ್ತ ಅವ. ಎಲ್ಲಾರ ಮನಿ ತೂತು ನೋಡಿದಿ, ನಿಂದು ಎಲ್ಲಿ ತಮ್ಮಾ?"

ಮೆರವಣಿಗೆ ಕೊನೆಯ ಮನೆಗೆ ಹೊರಟಿತು. ಭುವನೇಶ್ವರಿ ನೊಣ ಹೊಡೆಯುವುದನ್ನು ಬಿಟ್ಟು ಹೊರಗೆ ಬಂದಳು. ಸಿದ್ದಲಿಂಗ ಇಪ್ಪತ್ತನೇ ಫಾರ್ಮಿನಲ್ಲಿ ಇಪ್ಪತ್ತೆರಡು ಸಾವಿರ ಎಂದು ಬರೆದ. ಅವನಿಗೆ ಬರುತ್ತಿದ್ದದ್ದೂ ಇಪ್ಪತ್ತೆರಡು, ಅವನು ಹೆಂಡತಿಗೆ ಕೊಡುತ್ತಿದ್ದದ್ದೂ ಇಪ್ಪತ್ತೆರಡು. ಚಾ ಕುಡಿಯಲು ಅವಳ ಹತ್ತಿರವೇ ಹತ್ತು ರೂಪಾಯಿ ಕೇಳುವ ಗಂಡಸು ಅವನು.

"ಬರೇ ಇಪ್ಪತ್ತೆರಡಾ?" ವಿದ್ಯಾವತಿ ಗಲ್ಲಕ್ಕೆ ಬೆರಳಿಟ್ಟಳು. "ಹೆಂಗ ನಡಸ್ತೀಯವ್ವಾ ಭುವನಾ? ಅದಕ್ಕ ನಾ ಅಂತಿದ್ದೆ, ಈಕಿ ಬರೇ ಹಳೀ ಸೀರಿ ಯಾಕ ಉಡ್ತಾಳ ಅಂತ. ಪಾಪ!"

ಆ 'ಪಾಪ' ಭುವನೇಶ್ವರಿಗೆ ಬೆಂಕಿ ತಾಗಿದ ಹಾಗೆ ತಾಗಿತು.

"ನಮಗೇನ್ ಧಾಡಿ ಆಗ್ಯಾದ್ರಿ ಅಕ್ಕಾ? ನಮ್ಮೋರು ಪೂರಾ ಪಗಾರ ತಂದು ನನ್ನ ಉಡ್ಯಾಗ ಹಾಕ್ತಾರ. ಸಾಕಾಗಿ ಮಿಗ್ತದ! ಕೊಡ್ರಿ ಇಲ್ಲಿ ಪೆನ್ನು."

"ಭುವನಾ, ತಡಿ, ಒಂದು ಮಾತು..." ಸಿದ್ದಲಿಂಗ ಕಣ್ಣು ಹೊಡೆದ, ಕೆಮ್ಮಿದ, ತಲೆ ಅಲ್ಲಾಡಿಸಿದ.

"ಏನ್ರೀ, ಕಣ್ಣಾಗ ನೊಣ ಹೊಕ್ಕಾದೇನು?" ಎಂದ ಅವಳು, ಅಷ್ಟೂ ಜನರ ಎದುರು ದಪ್ಪ ದಪ್ಪ ಅಕ್ಷರಗಳಲ್ಲಿ 'ಸಾಕಾಗಿ ಮಿಗುತ್ತದೆ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಮಾಡಿದಳು.

ಹೆಂಗಸರು ಚದುರಿದ್ದೇ ತಡ, ಸಿದ್ದಲಿಂಗ ಮೂಲೆಗೆ ಹೋಗಿ ಉಗುಳು ಹಚ್ಚಿ ಉಜ್ಜಿದ. ಬ್ಲೇಡಿನಿಂದ ಕೆರೆದ. 'ನಿಮ್ಮ ಕಾಗದ ಕೈ ಹಚ್ಚಿದ್ರ ಹರೀತದ' ಎಂದು ಗಿರಾಕಿಗಳು ವರ್ಷವಿಡೀ ಬೈಯುತ್ತಿದ್ದ ಅದೇ ಮಿಲ್ಲಿನ ಕಾಗದ, ಆ ಒಂದು ದಿನ ಮಾತ್ರ ಎಮ್ಮೆಯ ಚರ್ಮವಾಗಿತ್ತು. ಅಕ್ಷರ ಹೋಗಲಿಲ್ಲ, ಹೊಳಪು ಬಂತು. ಹೋಗಲಿ, ಉಳಿದ ಹತ್ತೊಂಬತ್ತು ನೋಡಿ ಸೇಠರು ಎಲ್ಲರಿಗೂ ಏರಿಸಿಯೇ ಏರಿಸುತ್ತಾರೆ ಎಂದುಕೊಂಡು ನಾಲ್ಕಕ್ಕೆ ಆಫೀಸಿಗೆ ಹೋದ. ಹಿಂದೆಯೇ ವಿದ್ಯಾವತಿಯ ದಂಡು, ಅದರ ಹಿಂದೆ ಬಲಿಯ ಕುರಿಗಳಂತೆ ಗಂಡಂದಿರು. ಇದೇನು ತಮಾಷೆ ಎಂದು ರಾಜೇಸಾಬರೂ ಮಲ್ಕಪ್ಪನ ಅಣ್ಣನೂ ಬಂದಿದ್ದರು.

ಸೇಠರು ಒಂದು ಕಡೆ ರಜಿಸ್ಟರು, ಇನ್ನೊಂದು ಕಡೆ ಫಾರ್ಮು ಇಟ್ಟುಕೊಂಡು ಕ್ಯಾಲ್ಕುಲೇಟರ್ ಕುಟ್ಟಿದರು. ಕುಟ್ಟುತ್ತ ಕುಟ್ಟುತ್ತ ಮುಖ ಕೆಂಪಾಯಿತು.

"ತಿಂಗಳಾ ಒಂದು ಲಕ್ಷದ ಮ್ಯಾಲ ಫರಕ ಅದ. ನಾ ಮೂವತ್ತೆಂಟು ಕೊಡ್ತೇನಿ, ಮನಿಗಿ ಇಪ್ಪತ್ತೊಂಬತ್ತು ಮುಟ್ಟಾಕತ್ತದ. ನಡುವ ತಿಂದೋರ್ಯಾರು? ಪಗಾರ ಹಾಕಾಂವ ನೀನ. ಎಲ್ಲಾರ ಹತ್ರ ಕಮಿಷನ್ ಹೊಡ್ಯಾಕತ್ತಿ ಹೌದಿಲ್ಲೋ?"

ಸಿದ್ದಲಿಂಗನಿಗೆ ನೆಲ ಗಂಜಿಯ ತೊಟ್ಟಿಯಂತೆ ತಿರುಗಿತು. "ದೌಲತಣ್ಣಾ! ಬಸವಣ್ಣನ ಆಣಿ ಮಾಡಿ ಹೇಳ್ರಿ, ನಿಮಗೆಷ್ಟು ಬರ್ತದ?"

ದೌಲತರಾಯ ಹೆಂಡತಿಯ ಕಡೆ ನೋಡಿದ. "ಇಪ್ಪತ್ತೊಂಬತ್ತ್ರಿ," ಎಂದ. ಬಸವಣ್ಣನಿಗಿಂತ ವಿದ್ಯಾವತಿ ಹತ್ತಿರದಲ್ಲಿದ್ದಳು.

"ಮೊಬೈಲ್ ತೆಗಿ. ಬ್ಯಾಂಕಿನ ಮೆಸೇಜ್ ತೋರ್ಸು," ಎಂದರು ಸೇಠರು.

"ಚಾರ್ಜ್ ಇಲ್ರಿ, ಬಂದ್ ಆಗ್ಯಾದ," ಎನ್ನುತ್ತಿದ್ದಂತೆ ಅವನ ಜೇಬಿನಲ್ಲಿ ಫೋನು ಕಿರುಚಿಕೊಂಡಿತು. ವಿದ್ಯಾವತಿ ಅದನ್ನು ಎಳೆದುಕೊಂಡಳು, ಒತ್ತಿದಳು, ಓದಿದಳು.

"ಮೂವತ್ತೆಂಟು," ಎಂದಳು ಬಹಳ ಮೆಲ್ಲಗೆ. ಕೂಗಿದ್ದರೆ ದೌಲತರಾಯನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಆಮೇಲೆ ಎಲ್ಲ ಜೇಬುಗಳಿಂದ ಎಲ್ಲ ಫೋನುಗಳೂ ಹೊರಬಿದ್ದವು. ಮಲ್ಕಪ್ಪನ ಅಣ್ಣ ತನ್ನ ನೂರು ರೂಪಾಯಿ ವಾಪಸು ಇಸಿದುಕೊಂಡ. ಮಹಾನಂದಾ ಮೇಡಂ ಅತ್ತೆಯ ಕಣ್ಣು ತಪ್ಪಿಸಿ ಕ್ಯಾಲೆಂಡರ್ ಓದತೊಡಗಿದರು. "ನಿನಗ ನಲವತ್ತೈದು ಎಲ್ಲಿಂದ ಬರ್ತದೋ?" ಎಂದು ಸೇಠರು ಲಾಡ್ಲೆಸಾಬನನ್ನು ಹಿಡಿದರು. "ನನ್ನ ಕಾಗದದ ಸುರುಳಿ ಮಾರಾಕತ್ತಿಯೇನು?"

"ಇಲ್ರಿ ಸೇಠಜಿ, ಖುದಾ ಕಸಮ್ ಇಪ್ಪತ್ನಾಲ್ಕ ರೀ!" ಲಾಡ್ಲೆಸಾಬ ಅಳುವುದೊಂದೇ ಬಾಕಿ.

ರಾಜೇಸಾಬರು ಗಡ್ಡ ನೀವಿಕೊಂಡರು. "ಹೋಗ್ಲಿ ಬಿಡ್ರಿ. ಸುಳ್ಳಾ ಅದಾನ, ಕಳ್ಳ ಅಲ್ಲಲ್ಲ. ನಮಗ ನಡೀತದ."

ಸೇಠರು ಮೊದಲು ಗಂಭೀರವಾಗಿದ್ದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ತಿಳೀತು. ನಾ ಏರಿಸಿದ್ದು ಮನಿಗಿ ಮುಟ್ಟಂಗಿಲ್ಲ, ರೊಕ್ಕ ನಡುವ ಇಂಗ್ತದ. ಅದಕ್ಕ ಮನಿ ನಡಿವಲ್ತು. ಮೂರು ಸಾವಿರ ಏರಿಕಿ ಖರೇ. ಆದ್ರ ಅದು ಇವರ ಅಕೌಂಟಿಗಿ ಅಲ್ಲ. ಸಾಕ್ಷಿ ಸಹಿ ಯಾರು ಮಾಡ್ಯಾರೋ ಸೀದಾ ಅವರ ಅಕೌಂಟಿಗಿ!"

ಹೆಂಗಸರು ಚಪ್ಪಾಳೆ ತಟ್ಟಿದರು. ಪ್ಯಾರಿಬಿ ನೆಟಿಗೆ ಮುರಿದು ಸೇಠರ ನಜರು ತೆಗೆದಳು. ಸಾಬವ್ವ ಸೊಸೆಯನ್ನು ನೋಡಿ ಮುಸಿಮುಸಿ ನಕ್ಕಳು. ಜೇವರ್ಗಿಯ ಅಣ್ಣನಿಗಂತೂ ಬೈಕಿನ ಕಂತು ಕೂತಲ್ಲೇ ಹುಟ್ಟಿತು. ಮಲ್ಕಪ್ಪ ಈಗ ಖರೇ ಖರೇ ಅತ್ತ.

ಸಿದ್ದಲಿಂಗ ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತ. ಭುವನೇಶ್ವರಿಯ ಅಕೌಂಟಿಗೆ ಮೂರು ಸಾವಿರ! ಅವನ ಮಟ್ಟಿಗೆ ಅದು ಎಲ್ಲಿಗೆ ಹೋದರೂ ಒಂದೇ. ಅಫಜಲಪುರದ ಮನೆ ಮಾಲೀಕರಿಗೆ ಫೋನು ಮಾಡಲು ಕೈ ತುರಿಸಿತು.

ಸೇಠರು ಕೊನೆಯ ಫಾರ್ಮು ಎತ್ತಿದರು. ರಜಿಸ್ಟರು ನೋಡಿದರು. ಮತ್ತೆ ಫಾರ್ಮು ನೋಡಿದರು. ಎದ್ದು ಬಂದು ಸಿದ್ದಲಿಂಗನನ್ನು ಅಪ್ಪಿಕೊಂಡರು.

"ಇಡೀ ಮಿಲ್ಲಿನಾಗ ಒಬ್ಬನ ಖರೇ ಮನಿಷ್ಯಾ! ರಜಿಸ್ಟರಿನಾಗೂ ಇಪ್ಪತ್ತೆರಡು, ಮನಿಯಾಗೂ ಇಪ್ಪತ್ತೆರಡು. ಒಂದು ಪೈಸಾ ನಡುವ ಇಂಗಿಲ್ಲ. ಮ್ಯಾಲ ತಂಗಿ ಏನ್ ಬರದಾಳ ನೋಡ್ರಿ, 'ಸಾಕಾಗಿ ಮಿಗುತ್ತದೆ'! ಎರಡ ಗೆರಿ ಬ್ಯಾರೆ ಹೊಡದಾಳ. ಇಂಥಾ ಸುಖದ ಸಂಸಾರಕ್ಕ ನಾ ಏರಿಕಿ ಕೊಟ್ರ ಅವಮಾನ ಮಾಡಿದಂಗ ಆಗ್ತದ. ತಪ್ಪು ತಿಳ್ಕೋಬ್ಯಾಡಪ್ಪಾ, ನಿನಗ ಏರಿಕಿ ಇಲ್ಲ. ಹೊಡೀರಿ ಚಪ್ಪಾಳಿ!"

ಎಲ್ಲರಿಗಿಂತ ಜೋರಾಗಿ ತಟ್ಟಿದವಳು ವಿದ್ಯಾವತಿ.

ಸಿದ್ದಲಿಂಗ ಮನೆಗೆ ಬಂದಾಗ ಭುವನೇಶ್ವರಿ ಅಫಜಲಪುರದ ಮನೆಗೆಂದು ಆಗಲೇ ಅರ್ಧ ಪಾತ್ರೆಗಳನ್ನು ಚೀಲಕ್ಕೆ ತುಂಬಿದ್ದಳು. "ಎಲ್ಲಾರಿಗೂ ಆಯ್ತಂತಲ್ರಿ! ವಿದ್ಯಾವತಿ ಅಕ್ಕ ಕುಣ್ಕೋತ ಹೋದ್ಳು. ನಮದು?"

ಸಿದ್ದಲಿಂಗ ಹೊಸ್ತಿಲ ಮೇಲೆ ಕುಸಿದು ಎಲ್ಲವನ್ನೂ ಹೇಳಿದ. ಮುಚ್ಚಿಟ್ಟವರಿಗೆ ಸಿಕ್ಕದ್ದು, ಸುಳ್ಳು ಹೇಳಿದವರಿಗೆ ಸಿಕ್ಕದ್ದು, ತನಗೆ ಅಪ್ಪುಗೆ ಸಿಕ್ಕದ್ದು. "ಸಾಕಾಗಿ ಮಿಗ್ತದ ಅಂತ ಬರದಾಕಿ ಯಾರು ಭುವನಾ?" ಎಂದು ಕೊನೆಗೆ ಕೇಳಿದ. ಮದುವೆಯಾದ ಆರು ವರ್ಷದಲ್ಲಿ ಮೊದಲ ಸಲ ತಪ್ಪು ಅವನದಾಗಿರಲಿಲ್ಲ.

ಭುವನೇಶ್ವರಿ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಅಲ್ರೀ, ಇಷ್ಟು ಮಂದಿ ಗಂಡಂದ್ರು ತಿಂಗಳಾ ಒಂಬತ್ತು ಹತ್ತು ಸಾವಿರ ಮುಚ್ಚಿಡ್ತಾರ. ನಿಮಗ ಹೆಂಡ್ತಿ ಕಣ್ಣು ತಪ್ಪಿಸಿ ಒಂದು ಐನೂರರ ಮುಚ್ಚಿಡಾಕ ಬರಂಗಿಲ್ಲೇನು? ಎಂಥಾ ಗಂಡಸ್ರು ನೀವು!"