ಕೇಂಬ್ರಿಜ್‌ನಲ್ಲಿ ಮುಖ ತೋರಿಸದ ಸೂರ್ಯ

ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಈ ಜಗತ್ತಿನಲ್ಲಿ ನಂಬುವುದು ಸೂರ್ಯನೊಬ್ಬನನ್ನೇ. ಅದೂ ತೇರದಾಳದ ಸೂರ್ಯನನ್ನು ಮಾತ್ರ! ಉಳಿದವರೆಲ್ಲ ಸಸ್ಪೆಕ್ಟುಗಳು. ಮಹಾಲಿಂಗಪುರದ ಬೆಲ್ಲ ಹೊಳೆದರೆ "ಏನೋ ಹಾಕ್ಯಾರ", ಕಪ್ಪಗಿದ್ದರೆ "ಹಳೇದು ತಂದಾರ". ಇಂಥವರನ್ನು ಕಟ್ಟಿಕೊಂಡು ನಾನು ಇಂಗ್ಲೆಂಡ್ ಟೂರಿಗೆ ಹೋದೆ. ಬುದ್ಧಿ ಇದ್ದವರು ಮಾಡುವ ಕೆಲಸವೇ?

ನನಗೊಂದು ಆಸೆಯಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ನಾನು ಪ್ರಾರ್ಥನೆಯ ಕ್ವಾಯರ್‌ನಲ್ಲಿ ಹಾಡುತ್ತಿದ್ದೆ. ಹಾಡು ಕಲಿಸುತ್ತಿದ್ದ ಸಿಸ್ಟರ್, "ಗರ್ಲ್ಸ್, ಕೇಂಬ್ರಿಜ್‌ನ ಚಾಪೆಲ್‌ನಲ್ಲಿ ಸಂಜೆಯ ಪ್ರಾರ್ಥನೆ ಹಾಡುವುದನ್ನು ಒಮ್ಮೆಯಾದರೂ ಕೇಳಬೇಕು" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತೇರದಾಳದ ಜೈನರ ಮನೆಗೆ ಸೊಸೆಯಾಗಿ ಬಂದು, ರೊಟ್ಟಿ ಬಡಿದು ಬಡಿದು ಮುದುಕಿಯಾದರೂ ಆ ಮುಚ್ಚಿದ ಕಣ್ಣು ನನಗೆ ಮರೆಯಲಿಲ್ಲ. ಟೂರಿನವರು ಕೇಂಬ್ರಿಜ್‌ಗೆ ಕೊಟ್ಟದ್ದು ಒಂದೇ ದಿನ. ಇನ್ನೊಮ್ಮೆ ಬರುವ ವಯಸ್ಸೇ ಇದು?

ಬೆಳಿಗ್ಗೆಯೇ ಪ್ರಾಬ್ಲೆಮ್ ಶುರು. ನಮ್ಮಲ್ಲಿ ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಉಣ್ಣುವುದಿಲ್ಲ. ಇದಕ್ಕೆ ನೆಗೆಣ್ಣಿಯವರ ಸ್ವಂತದ್ದೊಂದು ಅಮೆಂಡ್‌ಮೆಂಟ್ ಇದೆ: ಸೂರ್ಯನ ಮುಖ ಕಣ್ಣಾರೆ ಕಾಣಬೇಕು! ಊರಲ್ಲಿ ಮಾಳಿಗೆ ಹತ್ತಿ, ಅವನಿಗೆ ಎರಡೂ ಕೈ ಮುಗಿದೇ ಇಳಿದು ಬಂದು ಉಣ್ಣುತ್ತಾರೆ. ಲಂಡನ್ನಿನಲ್ಲಿ ಹೇಗೋ ಎರಡು ದಿನ ಇಣುಕಿದ್ದ. ಕೇಂಬ್ರಿಜ್‌ನ ಆ ಅಕ್ಟೋಬರ್ ಬೆಳಿಗ್ಗೆ? ಆಕಾಶಕ್ಕೆಲ್ಲ ಬೂದಿ ಬಳಿದಂತಿತ್ತು.

"ಅಕ್ಕಾರ, ಒಂಬತ್ತ ಹೊಡೀತ್ರಿ. ಸೂರ್ಯ ಹುಟ್ಟ್ಯಾನ."

"ಯಾರ ಹೇಳಿದ್ರ?"

"ಗಡಿಯಾರ ಹೇಳತೈತ್ರಿ."

"ಗಡಿಯಾರ ಸೂರ್ಯನ್ನ ಯಾವಾಗ ನೋಡೇತಿ?"

ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಚೀಲದಲ್ಲೇ ಉಳಿಯಿತು. ಅವರಿಗೆ ನೀರೂ ಇಲ್ಲ!

ನದಿಗೆ ಹೋದೆವು. ಉದ್ದನೆಯ ಕೋಲು ಊರಿ ದೋಣಿ ನಡೆಸುತ್ತಿದ್ದರು. ಸೋ ರೊಮ್ಯಾಂಟಿಕ್! ಚಿಕ್ಕಪಡಸಲಗಿಯಲ್ಲಿ ತುಂಬಿದ ಕೃಷ್ಣೆಯನ್ನು ಕಂಡ ನೆಗೆಣ್ಣಿ ಬಗ್ಗಿ ನೋಡಿದರು. "ಕೋಲ ತಳಕ್ಕ ಹತ್ತತೈತಿ. ಅಂದಮ್ಯಾಲ ಇವ್ರು ನಡಕೋತ ಯಾಕ ಹೋಗವಲ್ರು? ಇದರಾಗ ಏನೋ ಐತಿ ತಂಗಿ!"

ಒಂದು ಕಾಲೇಜಿನ ಅಂಗಳದಲ್ಲಿ ಹುಲ್ಲು ತುಳಿಯಬಾರದೆಂಬ ಬೋರ್ಡು ಓದಿ ಹೇಳಿದೆ. ಅವರ ಮುಖ ಅರಳಿತು. ಹಸಿರು ತುಳಿದರೆ ಜೀವಹಿಂಸೆ ಎಂದು ನಮ್ಮ ಮುನಿಗಳೂ ಹೇಳುತ್ತಾರಲ್ಲ! "ಇವರ ಹಿರ್ಯಾರು ನಮ್ಮವರ ಇರಬೇಕ" ಎಂದರು. ಅಷ್ಟರಲ್ಲಿ ಕಪ್ಪು ಗೌನಿನ ಮುದುಕರೊಬ್ಬರು ಹುಲ್ಲಿನ ನಟ್ಟನಡುವೆ ನಡೆದುಹೋದರು. ಪ್ರೊಫೆಸರುಗಳಿಗೆ ಮಾತ್ರ ಪರ್ಮಿಶನ್ ಉಂಟೆಂದು ವಿವರಿಸಿದೆ.

"ಹಂಗಾರ ಭಾಳ ಕಲತವರಿಗೆ ಪಾಪ ಹತ್ತಾಂಗಿಲ್ಲೇನ?"

ಆ ಮುದುಕರು ತಿರುಗಿ ನೋಡುವ ಮೊದಲೇ ಅವರ ಕೈ ಹಿಡಿದು ಗೇಟಿನಾಚೆ ಕರೆದುಕೊಂಡು ಹೋದೆ.

ಸಂಜೆಯಾದರೂ ಸೂರ್ಯ ಮುಖ ತೋರಿಸಲಿಲ್ಲ. ಚಾಪೆಲ್‌ನ ಸಾಲಿನಲ್ಲಿ ನಿಂತಾಗ ನೆಗೆಣ್ಣಿಯ ತುಟಿಗಳು ಒಣಗಿದ್ದವು.

"ನೀವು ಬಸ್ಸಿನ್ಯಾಗ ಕುಂದರ್ರಿ ಅಕ್ಕಾರ. ನಾ ಒಬ್ಬಾಕಿನ ಕೇಳಿ ಬರ್ತೀನಿ."

"ನಿನ್ನೊಬ್ಬಾಕಿನ್ನ ಇವರ ಕೈಯಾಗ ಬಿಡಲೇನ? ಚಂದ ಹಾಡವ್ರನ್ನ ಮೊದಲ ನಂಬಬಾರದು!"

ನಡುವೆ ಎದ್ದು ಹೋದವರನ್ನು ಮತ್ತೆ ಒಳಗೆ ಬಿಡುವುದಿಲ್ಲವೆಂದು ಬಾಗಿಲಲ್ಲಿ ಹೇಳಿದರು. ನೆಗೆಣ್ಣಿಗೂ ಅದನ್ನು ತಿಳಿಸಿ ಹೇಳಿದೆ.

ಹಾಡು ಶುರುವಾಯಿತು. ಏನು ಹೇಳಲಿ? ನನಗೆ ಗೊತ್ತಿಲ್ಲದೆಯೇ ಕಣ್ಣು ಮುಚ್ಚಿದ್ದೆ, ಥೇಟ್ ನಮ್ಮ ಸಿಸ್ಟರ್ ಹಾಗೆ. ತೆರೆದಾಗ ಪಡುವಣ ಕಿಟಕಿಯ ಬಣ್ಣದ ಗಾಜು ಧಗಧಗ ಉರಿಯುತ್ತಿತ್ತು! ಹೊರಗೆ ಮೋಡ ಹರಿದಿತ್ತು. ಕೆಂಪು ಬೆಳಕು ನೆಗೆಣ್ಣಿಯ ಮಡಿಲಿನ ಬುತ್ತಿಚೀಲದ ಮೇಲೆ ಬಿದ್ದಿತ್ತು. ಮುಳುಗಲು ಇನ್ನು ಸ್ವಲ್ಪವೇ ಹೊತ್ತು. ಈಗ ಎದ್ದರೆ ಅವರಿಗೆ ಎರಡು ತುತ್ತು. ಭಾಷೆ ಬಾರದವರನ್ನು ಒಬ್ಬರನ್ನೇ ಕಳಿಸಲಾದೀತೇ? ನಾನೂ ಏಳಬೇಕು. ಎದ್ದರೆ ನನ್ನ ಹಾಡು ಅಲ್ಲಿಗೆ ಮುಗಿದಂತೆಯೇ.

"ಅಕ್ಕಾರ, ಸೂರ್ಯ ಕಂಡಾನ್ರೀ! ಏಳ್ರಿ, ಹೊರಗ ಹೋಗಿ ಉಣ್ಣೂಣ" ಎಂದು ಪಿಸುಗುಟ್ಟಿದೆ.

ಅವರು ಕಿಟಕಿಯನ್ನು ನೋಡಿದರು. ಒದ್ದೆಯಾಗಿದ್ದ ನನ್ನ ಮುಖವನ್ನೂ ನೋಡಿದರು.

"ಅದ್ಯಾವ ಸೂರ್ಯ? ಗಾಜಿನ ಬಣ್ಣ ಅದು. ಇವರದೇನೂ ನಂಬಬ್ಯಾಡ. ಸುಮ್ನ ಕುಂತ ಕೇಳ."

ಕುಳಿತೆ. ಹಾಡು ಏರುತ್ತಾ ಹೋಯಿತು, ಕಿಟಕಿ ಮೆಲ್ಲಗೆ ಕಪ್ಪಾಗುತ್ತಾ ಬಂತು. ಅವರಿಗೆ ತಿಳಿಯದಂತೆ ಓರೆಗಣ್ಣಿನಿಂದ ನೋಡಿದೆ. ಸೆರಗಿನ ಮರೆಯಲ್ಲಿ ಅವರ ಎರಡೂ ಕೈ ಆ ಕಿಟಕಿಗೆ ಮುಗಿದಿದ್ದವು, ತೇರದಾಳದ ಮಾಳಿಗೆಯ ಮೇಲೆ ದಿನಾ ಬೆಳಿಗ್ಗೆ ಮುಗಿಯುವ ಹಾಗೆಯೇ.