ಕುಂಟಿಗೊಂದು ಜೊತೆ

ಹಿತ್ತಲಿನ ತಗಡಿನ ಬಾಗಿಲನ್ನು ಅಷ್ಟು ಜೋರಾಗಿ ಬಡಿಯುವ ಅಗತ್ಯ ಗಾಜಿನಂಗಡಿಯವನಿಗೆ ಇರಲಿಲ್ಲ. ಆದರೆ ದಿನವಿಡೀ ಗಾಜಿನ ನಡುವೆ ನಿಂತು ಕೆಲಸ ಮಾಡುವವನು ಅಂಗಡಿಯಲ್ಲಿ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಹತ್ತು ತಾಸಿನ ಸಿಟ್ಟನ್ನೆಲ್ಲ ಗಂಟು ಕಟ್ಟಿ ಮನೆಗೆ ತಂದು ಹಿತ್ತಲಲ್ಲಿ ಬಿಚ್ಚುತ್ತಿದ್ದ. ಅವತ್ತು ಬಿಚ್ಚಿದ ಸಿಟ್ಟು ಬಾಗಿಲಿಗೆ ತಗುಲಿತು, ಬಾಗಿಲು ಕೋಳಿಯ ಕಾಲಿಗೆ ತಗುಲಿತು.

ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಗೂಡಿನ ಉಳಿದ ಮೂರು ಕೋಳಿಗಳು ಕುಂಟಿಯನ್ನು ಕುಕ್ಕಿ ಕುಕ್ಕಿ ಅರ್ಧ ಪುಕ್ಕ ಕಿತ್ತವು. ಅದಕ್ಕೂ ಅವನಿಗೆ ಸಿಟ್ಟು ಬಂತು. ಮೂರನ್ನೂ ಹಿಡಿದು ಭಾವಮೈದುನನ ಮನೆಗೆ ಅಟ್ಟಿದ. ಒಂಟಿಯಾದ ಕುಂಟಿ ಎಣ್ಣೆ ಕಾಣದ ಬಾವಿ ರಾಟೆಯ ಹಾಗೆ ಬೆಳಗಿನಿಂದ ಸಂಜೆಯವರೆಗೆ ಅರಚತೊಡಗಿತು. ಕೋಳಿ ಅವನ ಮಗಳದ್ದು. ಒಂಬತ್ತು ವರ್ಷದ ಅವಳು ಅಪ್ಪನ ಜೊತೆ ಮಾತು ಬಿಟ್ಟು ಹತ್ತೊಂಬತ್ತು ದಿನವಾಗಿತ್ತು.

ಭಾನುವಾರ ಬೆಳಿಗ್ಗೆ ಮಹಡಿಯಿಂದ ಓನರಮ್ಮ ಇಳಿದು ಬಂದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತನ್ನೆಲ್ಲ ಕೇಳಿ ನಿವೃತ್ತರಾದ ಅವರ ಕಿವಿಗೆ ಇನ್ನು ಯಾವ ಸದ್ದೂ ಬೇಕಿರಲಿಲ್ಲ.

"ಐದು ಗಂಟೆಗೆ ಮತ್ತೆ ಬರ್ತೀನಿ. ಅಷ್ಟರೊಳಗೆ ಈ ಹಿತ್ತಲು ಸುಮ್ಮನಾಗಬೇಕು. ಇಲ್ಲಾಂದ್ರೆ ಕೋಳಿ ಮಾಂಸದಂಗಡಿಗೆ ಹೋಗ್ಲಿ, ಇಲ್ಲ ನೀವು ಬೇರೆ ಮನೆಗೆ ಹೋಗಿ. ನಂಗೆ ಎರಡೂ ಒಂದೇ."

ಬಾಗಿಲ ಹಿಂದೆ ನಿಂತಿದ್ದ ಮಗಳು ಅಪ್ಪನನ್ನು ಒಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು ಎನಿಸಿತು ಅವನಿಗೆ.

ಎದುರುಮನೆಯ ಕಂಪೌಂಡರ್ ದನದ ಆಸ್ಪತ್ರೆಯಲ್ಲಿ ಎಮ್ಮೆಗಳಿಗೆ ಇಂಜೆಕ್ಷನ್ ಕೊಡುವವನು. ಯಾರೂ ಕೇಳದಿದ್ದರೂ ಬಂದ. ಕೋಳಿಗೆ ಜೊತೆಯಿಲ್ಲ, ಅದೇ ರೋಗ, ಎದುರಿಗೆ ಒಂದು ಕನ್ನಡಿ ಇಟ್ಟರೆ ಇನ್ನೊಂದು ಕೋಳಿ ಇದೆಯೆಂದು ಸುಮ್ಮನಾಗುತ್ತದೆ ಎಂದ. ಕನ್ನಡಿಯಲ್ಲೇ ಬದುಕುವ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಗಾಜಿನವನಿಗೆ ಮೈಯೆಲ್ಲ ಉರಿಯಿತು. ಅಂಗಡಿಗೆ ಓಡಿ ಕೋಳಿಯ ಎತ್ತರಕ್ಕೆ ಸರಿಯಾಗಿ ಒಂದು ಕನ್ನಡಿ ಕತ್ತರಿಸಿ, ಅಂಚು ಉಜ್ಜಿ ತಂದು ನಿಲ್ಲಿಸಿದ.

ಕುಂಟಿ ಅರಚುವುದನ್ನು ನಿಲ್ಲಿಸಿ ನೋಡಿತು. ಒಳಗಿನ ಕೋಳಿಯೂ ನೋಡಿತು. ಕುಂಟಿ ಒಂದು ಹೆಜ್ಜೆ ಕುಂಟಿತು. ಅದೂ ಕುಂಟಿತು. ಅಷ್ಟೇ ಸಾಕಾಯಿತು, ಕುಂಟಿ ಎದುರಾಳಿಯ ಸೊಟ್ಟ ಕಾಲಿಗೇ ಗುರಿಯಿಟ್ಟು ಕುಕ್ಕತೊಡಗಿತು. ಅದಕ್ಕೂ ಕುಂಟುವ ಕೋಳಿಯನ್ನು ಕಂಡರಾಗದು. ಗಾಜಿನ ಮೇಲೆ ಕೊಕ್ಕಿನ ಸದ್ದು ಅರಚಾಟವನ್ನೂ ಮೀರಿಸಿತು. ಸಾಲದ್ದಕ್ಕೆ ಅಲುಗಿದ ಕನ್ನಡಿ ಬಿಸಿಲನ್ನೆಲ್ಲ ಎತ್ತಿ ಓನರಮ್ಮನ ಕಿಟಕಿಗೆ ಎಸೆಯಿತು.

"ಕನ್ನಡಿಗೆಲ್ಲ ಕೋಳಿ ಮೋಸ ಹೋಗುತ್ತೇನ್ರೀ, ಗಾಜಿನವ್ರೇ?" ಕಾಂಪೌಂಡ್ ಗೋಡೆಯ ಮೇಲೆ ಬೆಳಗಿನಿಂದ ಮೊಣಕೈ ಊರಿ ನೋಡುತ್ತಿದ್ದ ಪಕ್ಕದ ಮನೆಯ ಕಂಡಕ್ಟರ್ ಕೇಳಿದ. "ನಮ್ಮ ಹೇಂಟೆ ತಗೊಳ್ಳಿ. ಬಸ್ಸಲ್ಲಿ ಎದ್ದು ಸೀಟು ಬಿಟ್ಕೊಡೋ ಜಾತಿ ಅದು."

ಬೇಡ ಎನ್ನುವಷ್ಟರಲ್ಲಿ ಹೇಂಟೆ ಗೋಡೆ ದಾಟಿ ಬಿತ್ತು. ಐದು ನಿಮಿಷದಲ್ಲಿ ಕಾಳು ತಿಂದು, ನೀರು ಚೆಲ್ಲಿ, ಗೂಡಿನಲ್ಲಿ ಮಲಗಿ, ಕುಂಟಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿಸಿತು. ಶುರುವಿನಲ್ಲಿ ಹಾಗೇ, ಆಮೇಲೆ ಅಡ್ಜಸ್ಟ್ ಆಗುತ್ತದೆ ಎಂದು ಕಂಡಕ್ಟರ್ ಸಮಾಧಾನ ಹೇಳಿದ. ಗಾಜಿನವನು ಹೇಂಟೆಯನ್ನು ಬಂದ ದಾರಿಯಲ್ಲೇ ವಾಪಸು ಎಸೆದ. ಜೊತೆಗೆ ಕಳಿಸಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮೂರು ಗಂಟೆಗೆ ಸೈಕಲ್ ಹತ್ತಿ ಮಾರುಕಟ್ಟೆಯ ಹಿಂದಿನ ಮೊಟ್ಟೆ ಅಜ್ಜಿಯ ಕೊಟ್ಟಿಗೆಗೆ ಹೋದ. ಒಳ್ಳೆಯ ಮನಸ್ಸಿನ ಕೋಳಿ ಇದ್ದರೆ ಒಂದು ಕೊಡಿ ಎಂದು ಕೇಳಿದ. ಅಜ್ಜಿ ಮೊಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಒಳ್ಳೆ ಮನಸ್ಸಿನ ಕೋಳಿ ಅಂತ ಯಾವ್ದೂ ಇಲ್ಲಪ್ಪ. ನಿಂಗೆ ಬೇಕಾಗಿರೋದು ಕಣ್ಣು ಕಾಣದ ಕೋಳಿ."

ಹೇಂಟೆಗಳ ನಡುವಿನ ಬುಟ್ಟಿಯೊಂದನ್ನು ಎತ್ತಿದಳು. ಕೆಂಚು ಹುಂಜ. ಯಾವುದೋ ರೋಗ ಎರಡೂ ಕಣ್ಣು ತಿಂದಿತ್ತು. ಕೂಗುವುದಿಲ್ಲವೇ ಎಂದು ಅವನು ಅನುಮಾನಿಸಿದ. ಬೆಳಗಾಗಿದ್ದು ಕಂಡರೆ ತಾನೆ ಕೂಗುವುದು, ಆರು ತಿಂಗಳಿಂದ ಬಾಯಿ ಬಿಟ್ಟಿಲ್ಲ ಎಂದಳು ಅಜ್ಜಿ.

ಹುಂಜವನ್ನು ತಂದು ಹಿತ್ತಲಲ್ಲಿ ಬಿಟ್ಟ. ನಿಜಕ್ಕೂ ಪವಾಡ. ಕುಂಟಿ ಮೆಲ್ಲಗೆ ಬಂದು ಹುಂಜದ ಪಕ್ಕ ನಿಂತಿತು. ಹುಂಜ ಆ ಎಳೆದ ಹೆಜ್ಜೆಯ ಸದ್ದು ಹಿಡಿದು ಹಿಂದೆಯೇ ನಡೆದು ಕಾಳಿನ ಬಟ್ಟಲು ಮುಟ್ಟಿತು. ಎರಡೂ ತಿಂದು ಒಂದೇ ಮೂಲೆಯಲ್ಲಿ ಮುದುರಿ ಕೂತವು. ಹಿತ್ತಲಿನಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.

ಐದಕ್ಕೆ ಓನರಮ್ಮ ಬಂದು, ಎರಡು ನಿಮಿಷ ಕಿವಿಗೊಟ್ಟು ನಿಂತು, ಸರಿ ಎಂಬಂತೆ ತಲೆಯಾಡಿಸಿದರು. ಮಗಳು ಅಪ್ಪನ ಹತ್ತಿರ ಬಂದಳು.

"ಅಪ್ಪಾ, ಇದು ಇಲ್ಲೇ ಇರುತ್ತಾ?"

ಅವನು ಮಗಳ ಎತ್ತರಕ್ಕೆ ಬಗ್ಗಿದ. ಉತ್ತರಿಸಬೇಕು, ಅಷ್ಟರಲ್ಲಿ ಗೋಡೆಯಾಚೆಯಿಂದ ಕಂಡಕ್ಟರ್, "ನೋಡಿದ್ರಾ ಓನರಮ್ಮ, ಜೊತೆಗೆ ಕೋಳಿನೇ ಬೇಕು ಅಂತ ಹೇಳಿದ್ದೇ ನಾನು" ಎಂದ. ಗೇಟಿನ ಬಳಿಯಿಂದ ಕಂಪೌಂಡರ್, ರೋಗ ಕಂಡುಹಿಡಿದವನು ತಾನು ಎಂದು ತಕರಾರು ತೆಗೆದ. ಇಡೀ ದಿನದ ಸಿಟ್ಟು ಗಾಜಿನವನ ನೆತ್ತಿಗೇರಿತು.

"ಬಾಯಿ ಮುಚ್ರೋ ಇಬ್ರೂ!"

ಮೂಲೆಯಲ್ಲಿದ್ದ ಹುಂಜ ಎದ್ದು ನಿಂತು, ಕತ್ತು ನೀಳ ಮಾಡಿ, ಆರು ತಿಂಗಳ ಬಾಕಿಯನ್ನೆಲ್ಲ ಒಂದೇ ಕೂಗಿನಲ್ಲಿ ತೀರಿಸಿತು. ಗಾಬರಿಯಾದ ಕುಂಟಿಯೂ ಅರಚಿತು. ಸುಮ್ಮನಿರು ಎಂದು ಅವನು ಗದರಿದ. ಹುಂಜ ಇನ್ನೂ ಜೋರಾಗಿ ಎರಡು ಸಲ ಕೂಗಿತು. ಅವನು ನಿಲ್ಲಿಸಿದ. ಅದೂ ನಿಲ್ಲಿಸಿತು.

ಕಂಪೌಂಡರನ ಮುಖ ಅರಳಿತು. "ಅದಕ್ಕೆ ಕಾಣಲ್ಲ ನೋಡಿ. ನಿಮ್ಮ ದನಿ ಕೇಳಿ ಹಿತ್ತಲಲ್ಲಿ ಇನ್ನೊಂದು ಹುಂಜ ಇದೆ ಅಂದ್ಕೊಂಡಿದೆ. ನೀವು ಒಂದು ಅಂದ್ರೆ ಅದು ಎರಡು ಅನ್ನುತ್ತೆ. ಸೋಲಲ್ಲ."

ಓನರಮ್ಮ ಹುಂಜವನ್ನೂ ಗಾಜಿನವನನ್ನೂ ಒಮ್ಮೆ ನೋಡಿದರು. "ಕೋಳಿಗಳು ಇರ್ಲಿ. ನೀವೂ ಇರಿ. ಆದ್ರೆ ಆ ಹುಂಜ ಇನ್ನೊಂದು ಸಲ ಕೂಗಿದ್ರೆ ಮನೆ ಖಾಲಿ."

ಅಡುಗೆಮನೆಯಿಂದ ಗಾಜಿನವನ ಹೆಂಡತಿ ಹೊರಬಂದು, ಹುಂಜವನ್ನು ತವರಿನಿಂದ ಬಂದ ಅಣ್ಣನನ್ನು ನೋಡುವ ಹಾಗೆ ನೋಡಿ, ಅದರ ಮುಂದೆ ಇನ್ನೊಂದು ಹಿಡಿ ಕಾಳು ಸುರಿದಳು.

ಗೋಡೆಯ ಮೇಲೆ ಕಂಡಕ್ಟರ್ ಎರಡೂ ಮೊಣಕೈಗಳನ್ನು ಆರಾಮಾಗಿ ಊರಿಕೊಂಡ. "ಈಗ ನಿಧಾನವಾಗಿ ಹೇಳ್ತೀನಿ ಕೇಳಿ, ಗಾಜಿನವ್ರೇ. ಮೊದಲನೇದಾಗಿ, ನೀವು ಗೂಡು ಕಟ್ಟಿರೋ ಜಾಗವೇ ತಪ್ಪು..."

ಗಾಜಿನವನ ಕತ್ತಿನ ನರಗಳು ಉಬ್ಬಿದವು. ಹುಂಜ ತಲೆ ಓರೆ ಮಾಡಿ, ಅವನ ಕಡೆಗೆ ಕಿವಿಗೊಟ್ಟು ಕಾಯುತ್ತ ನಿಂತಿತು.